ಜಲ ಏಳದ ವರ್ಷ

ಆರಿದ್ರೆ ಮಳೆ ಹಿಡಿದು, ಪುನರ್ವಸು ಕಳೆದು, ಪುಷ್ಯ ಕಾಲಿಡುವ ಹೊತ್ತಿಗೆ ನಮ್ಮ ಊರಿನ ಮನೆಯ ಬಚ್ಚಲಿನ ಮೂಲೆಯಲ್ಲಿ, ಹಂಡೆ ಒಲೆಯಿಂದ ಒಂದು ಮಾರು ಆಚೆಗೆ, ನೆಲ ಕಪ್ಪಗಾಗುತ್ತಿತ್ತು. ಮೊದಲ ದಿನ ಯಾರೋ ಒದ್ದೆ ಕಾಲಿನಲ್ಲಿ ನಿಂತು ಹೋದಂತೆ ಕಾಣುತ್ತಿದ್ದ ಆ ಕಲೆ ಮರುದಿನ ಊಟದ ತಟ್ಟೆಯಷ್ಟು ಅಗಲವಾಗಿ, ಮೂರನೆಯ ದಿನ ಸಿಮೆಂಟಿನ ಬಿರುಕಿನಿಂದ ನೀರು ಕಣ್ಣಿಗೆ ಕಾಣುವಂತೆ ಜಿನುಗತೊಡಗುತ್ತಿತ್ತು. ಅಮ್ಮ ಅದರ ಮೇಲೊಂದು ಗೋಣಿಚೀಲ ಹಾಸಿ, ಅದು ನೆನೆದಾಗ ಹಿಂಡಿ, ಮತ್ತೆ ಹಾಸಿ, ಮಳೆಗಾಲ ಮುಗಿಯುವವರೆಗೂ ಅದೊಂದು ನಿತ್ಯದ ಕೆಲಸವೆಂಬಂತೆ ನಡೆಸಿಕೊಂಡು ಹೋಗುತ್ತಿದ್ದಳು. ಹೊಸನಗರ ತಾಲ್ಲೂಕಿನ ನಮ್ಮ ಕಡೆ ಇದನ್ನು ಜಲ ಏಳುವುದು ಎನ್ನುತ್ತಾರೆ. ಗದ್ದೆಯ ಬದುವಿನಲ್ಲಿ, ರಸ್ತೆಯ ಧರೆಯಲ್ಲಿ, ಕೊಟ್ಟಿಗೆಯ ಹಿಂದೆ, ಕೆಲವರ ಮನೆಯಲ್ಲಿ ದೇವರ ಕೋಣೆಯ ನಡುವೆಯೇ ಜಲ ಏಳುತ್ತಿತ್ತು. ಜುಲೈ ತಿಂಗಳಲ್ಲಿ ದಾರಿಯಲ್ಲಿ ಎದುರಾದವರು ಕೇಳುತ್ತಿದ್ದ ಮೊದಲ ಮಾತೇ "ನಿಮ್ಮಲ್ಲಿ ಜಲ ಎದ್ದಿತಾ?" ಎಂದು.

ಆ ಪ್ರಶ್ನೆಯೊಳಗೆ ಮುಂದಿನ ಬೇಸಿಗೆಯ ಲೆಕ್ಕ ಅಡಗಿದೆಯೆಂದು ನನಗೆ ಬಹಳ ವರ್ಷ ತಿಳಿದಿರಲಿಲ್ಲ. ಓದು, ಆಮೇಲೆ ಕೆಲಸ ಎಂದು ಶಿವಮೊಗ್ಗ ಸೇರಿದ ಮೇಲೆ ನಲ್ಲಿ ತಿರುಗಿಸಿದರೆ ತುಂಗೆಯೇ ಮನೆಯೊಳಗೆ ಬರುತ್ತಿದ್ದಳು. ಗಂಗಾಸ್ನಾನ, ತುಂಗಾಪಾನ ಎಂಬ ಮಾತನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಊರಿನಲ್ಲಿ ನೆಲದ ಕೆಳಗಿನ ನೀರನ್ನು ಯಾರು ನೆನೆಯುತ್ತಾರೆ? ಅದು ನೆನಪಾದದ್ದು 2023ರಲ್ಲಿ. ಆ ವರ್ಷ ಜೂನ್ ಪೂರ್ತಿ ಮೋಡಗಳು ಬಂದು ನೋಡಿಕೊಂಡು ಹೋದವು; ಜುಲೈಯಲ್ಲಿ ಒಂದಷ್ಟು ದಿನ ಮಳೆ ಜೋರಾಗಿಯೇ ಹೊಯ್ದಿತು; ಆಗಸ್ಟ್ ಬಂದ ಮೇಲೆ ಬೇಸಿಗೆಯ ಹಾಗೆ ಬಿಸಿಲು ಕಾಯಿತು. ದೇಶದ ಒಟ್ಟು ಲೆಕ್ಕದಲ್ಲಿ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಇನ್ನೊಂದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ನಾನು ಊರಿಗೆ ಫೋನು ಮಾಡಿದಾಗಲೆಲ್ಲ ಅಮ್ಮ ಬೇರೆಲ್ಲ ಸುದ್ದಿ ಹೇಳಿ ಕೊನೆಗೆ ಒಂದೇ ಮಾತು ಸೇರಿಸುತ್ತಿದ್ದಳು: "ಬಚ್ಚಲು ಒಣಗೇ ಇದೆ ಮಗಾ." ಎರಡು ದಿನ ತೇವ ಕಂಡು, ಹಾಗೇ ಆರಿಹೋಗಿತ್ತಂತೆ. ಹಾಸಲು ತೆಗೆದಿಟ್ಟ ಗೋಣಿಚೀಲ ಅಟ್ಟಕ್ಕೆ ಹೋಯಿತು.

ಮಲೆನಾಡಿನ ನೀರನ್ನು ಅರಿಯಬೇಕಾದರೆ ಮೊದಲು ಅದರ ಮಣ್ಣನ್ನು ನೋಡಬೇಕು. ನಮ್ಮ ಗುಡ್ಡಗಳ ಮೇಲಿನ ಪದರ ಜಂಬಿಟ್ಟಿಗೆ. ಕಡಿದು ತೆಗೆದ ಕಲ್ಲನ್ನು ಬೆಳಕಿಗೆ ಹಿಡಿದರೆ ಜೇನುಗೂಡಿನ ಹಾಗೆ ತೂತುಗಳು ಕಾಣುತ್ತವೆ. ಅದರ ಕೆಳಗೆ ಶೇಡಿ, ನಮ್ಮ ಅಜ್ಜಿಯರು ಗೋಡೆಗೆ ಚಿತ್ತಾರ ಬರೆಯಲು ಕರಗಿಸಿಕೊಳ್ಳುತ್ತಿದ್ದ ಬಿಳಿಯ ನುಣುಪು ಮಣ್ಣು. ಅದರಡಿಗೆ ಗಟ್ಟಿ ಬಂಡೆ. ಮಳೆಯ ನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಸರಾಗವಾಗಿ ಇಳಿಯುತ್ತದೆ, ಶೇಡಿಯ ಮೇಲೆ ನಿಲ್ಲುತ್ತದೆ, ನಿಂತಲ್ಲಿಂದ ಇಳಿಜಾರು ಹಿಡಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಜಲ ಏಳುವುದೆಂದರೆ ಆ ಮೇಲಿನ ಪದರ ತುಂಬಿ ತುಳುಕಿದೆ ಎಂಬುದಕ್ಕೆ ನೆಲವೇ ಕೊಡುವ ರಸೀದಿ. ಆದರೆ ಅಷ್ಟೇ ಸರಾಗವಾಗಿ ಅದು ಬರಿದೂ ಆಗುತ್ತದೆ. ಜುಲೈಯಲ್ಲಿ ಬಾವಿಗೆ ಹಗ್ಗವಿಲ್ಲದೆ ಬಗ್ಗಿ ಕೊಡಪಾನ ಅದ್ದುವ ಮನೆಯವರೇ ಏಪ್ರಿಲ್‌ನಲ್ಲಿ ಹಗ್ಗಕ್ಕೆ ಹಗ್ಗ ಗಂಟು ಹಾಕುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಆ ಮಳೆಯಲ್ಲಿ ಎಷ್ಟು ಭಾಗ ಮಾರ್ಚ್‌ವರೆಗೆ ಉಳಿಯುತ್ತದೆಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಬದುಕಿಗೆ ಬೇಕಾದದ್ದು ಆ ಎರಡನೆಯ ಪ್ರಶ್ನೆಯ ಉತ್ತರ.

ಹಿಂದಿನವರು ಆ ಉತ್ತರವನ್ನು ಎರಡು ಬಗೆಯಲ್ಲಿ ಕಂಡುಕೊಂಡಿದ್ದರು. ನಮ್ಮ ಜಿಲ್ಲೆ ಒಂದೇ ಆದರೂ ಮಳೆ ಒಂದೇ ಅಲ್ಲ. ಘಟ್ಟದ ಅಂಚಿನಿಂದ ಮೂಡಲಿಗೆ ಹೋದಂತೆ ಮಳೆ ಇಳಿಯುತ್ತ ಹೋಗಿ, ಶಿಕಾರಿಪುರದ ಕಡೆ 1,000 ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಹಾಗಾಗಿ ಆ ಭಾಗದವರು ಕೆರೆ ಕಟ್ಟಿದರು. ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿಗಿರುವ ಸ್ತಂಭಶಾಸನ ಕದಂಬರ ವಂಶದ ಕಥೆಗಾಗಿ ಪ್ರಸಿದ್ಧ. ಮಯೂರಶರ್ಮನ ಸಿಟ್ಟು, ಅವನು ಕಟ್ಟಿದ ರಾಜ್ಯ ಎಲ್ಲರಿಗೂ ಗೊತ್ತು. ಆದರೆ ಆ ಶಾಸನವನ್ನು ಕೆತ್ತಿಸಿದ್ದರ ನೆಪ ಒಂದು ಕೆರೆ. ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಎಂಬುದನ್ನು ದಾಖಲಿಸಲು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಆ ಪದ್ಯಗಳನ್ನು ಬರೆದ. ಒಂದು ವಂಶದ ಇಡೀ ಚರಿತ್ರೆಯನ್ನು ಒಂದು ಕೆರೆಯ ನೆಪದಲ್ಲಿ ಹೇಳಬಹುದೆಂದು ಐದನೆಯ ಶತಮಾನದವರಿಗೆ ಅನ್ನಿಸಿತ್ತೆಂಬುದು ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನ್ನ ಮನಸ್ಸನ್ನು ಹಿಡಿಯುತ್ತದೆ.

ಪಡುವಲ ಭಾಗದ ನಮಗೆ ಕಾನು ಇತ್ತು. ನಿತ್ಯ ಹಸಿರಿನ, ದಟ್ಟ ನೆರಳಿನ, ದೇವರ ಹೆಸರಿನಲ್ಲಿ ಕೊಡಲಿ ತಾಗದೆ ಉಳಿದ ಕಾಡಿನ ತುಂಡುಗಳು ಅವು. ಬ್ರಿಟಿಷರ ಕಾಲದ ಅರಣ್ಯಾಧಿಕಾರಿ ಡೀಟ್ರಿಚ್ ಬ್ರಾಂಡಿಸ್ 1868ರಲ್ಲಿ ನೋಡಿದಾಗ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳಿದ್ದವು. ಕಾನಿನ ನೆಲದಲ್ಲಿ ಮೊಣಕಾಲುದ್ದದ ದರಕು, ಅಂದರೆ ಒಣಗಿ ಬಿದ್ದ ಎಲೆಗಳ ಹಾಸು. ಅದರ ಮೇಲೆ ಬಿದ್ದ ಮಳೆಗೆ ಓಡಲು ಅವಸರವಿರುವುದಿಲ್ಲ. ನಮ್ಮ ಊರಿನ ನಾಲ್ಕು ಮನೆಗಳಿಗೂ ಅಂಥದೊಂದು ಕಾನಿನ ಮೇಲ್ಭಾಗದ ಒರತೆಯಿಂದ ಅಬ್ಬಿ ನೀರು ಬರುತ್ತಿತ್ತು. ಒರತೆಯ ಕೆಳಗೆ ಕಲ್ಲು, ಮಣ್ಣು, ಸೊಪ್ಪು ಸೇರಿಸಿ ಕಟ್ಟಿದ ಕಟ್ಟ. ಕಟ್ಟದ ಬಾಯಿಂದ ಸಾಲಾಗಿ ಅಡಿಕೆ ದಬ್ಬೆಗಳು. ಬಲಿತು ಬಿದ್ದ ಅಡಿಕೆ ಮರವನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದು, ಕವಲೊಡೆದ ಗೂಟಗಳ ಮೇಲೆ ಒಂದರ ತುದಿ ಇನ್ನೊಂದರ ಬಾಯಿಗೆ ಬರುವಂತೆ ಕೂರಿಸುತ್ತಿದ್ದರು. ಎರಡು ದಬ್ಬೆಗಳ ನಡುವೆ ಇರಬೇಕಾದ ಇಳಿತ ಎಷ್ಟೆಂಬುದನ್ನು ಅಪ್ಪಯ್ಯ ಕಣ್ಣಳತೆಯಲ್ಲೇ ಹೇಳುತ್ತಿದ್ದರು. ಹೆಚ್ಚಾದರೆ ನೀರು ಚಿಮ್ಮಿ ಹೊರಗೆ ಬೀಳುತ್ತಿತ್ತು, ಕಡಿಮೆಯಾದರೆ ಎಲೆ ಕೂತು ಕಟ್ಟಿಕೊಳ್ಳುತ್ತಿತ್ತು. ಮನೆಯ ಹಿಂದಿನ ಕಲ್ಲುಬಾನಿಗೆ ಹಗಲೂ ರಾತ್ರಿ ಒಂದೇ ಸಮನೆ ಬೀಳುತ್ತಿದ್ದ ಆ ನೀರಿನ ಸದ್ದು ನಿಂತರೆ ನಿದ್ದೆಯಲ್ಲಿದ್ದವರಿಗೂ ಎಚ್ಚರವಾಗುತ್ತಿತ್ತು.

ಸದ್ದು ನಿಂತಿತೆಂದರೆ ಎಲ್ಲೋ ದಬ್ಬೆ ಜಾರಿದೆ, ಇಲ್ಲವೇ ಕಾಡುಕೋಣ ಮೈ ಉಜ್ಜಿದೆ ಎಂದು ಅರ್ಥ. ಪಾಳಿಯಲ್ಲಿದ್ದ ಮನೆಯವರು ಕತ್ತಿ ಹಿಡಿದು ಗುಡ್ಡ ಹತ್ತಬೇಕು, ಸರಿಮಾಡಿ ಅಲ್ಲೇ ಕಾಯಬೇಕು; ನೀರು ಮುಟ್ಟಿತೆಂದು ಕೆಳಗಿನಿಂದ ಕೂಗು ಬಂದ ಮೇಲಷ್ಟೇ ಇಳಿಯಬೇಕು. ಆ ಕೂಗು ಕೊನೆಯ ಮನೆಯಿಂದ ಬರಬೇಕೆಂಬುದು ನಮ್ಮಲ್ಲಿನ ಕಟ್ಟಳೆಯಾಗಿತ್ತು. ಮೊದಲ ಮನೆಗೆ ನೀರು ಬಂದದ್ದು ನೀರು ಬಂದ ಲೆಕ್ಕವಲ್ಲ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ತೋಟಕ್ಕೆ ಬಿಡುವ ನೀರಿಗೂ ಪಾಳಿಯಿತ್ತು. ಬೆಳಗಿನ ಜಾವದಿಂದ ಹೊತ್ತು ನೆತ್ತಿಗೆ ಬರುವವರೆಗೆ ಇವರಿಗೆ, ಆಮೇಲೆ ಅವರಿಗೆ ಎಂದು. ಜಗಳ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ರಾತ್ರಿ ಕದ್ದು ನೀರು ತಿರುಗಿಸಿಕೊಂಡವರ ಕಥೆಗಳು ನಮ್ಮೂರಲ್ಲೂ ಇದ್ದವು. ಆದರೆ ಜಗಳವಾಡಿದವರೂ ಮರುದಿನ ಕಟ್ಟದ ಕೆಲಸಕ್ಕೆ ಒಟ್ಟಿಗೇ ಬರಲೇಬೇಕಿತ್ತು, ಏಕೆಂದರೆ ಕಟ್ಟವನ್ನು ಒಬ್ಬರೇ ಕಟ್ಟಿಕೊಳ್ಳಲು ಸಾಧ್ಯವಿರಲಿಲ್ಲ.

ಕೊಳವೆಬಾವಿಯನ್ನು ಮಾತ್ರ ಒಬ್ಬರೇ ಕೊರೆಸಿಕೊಳ್ಳಬಹುದು. ಹಣವಿದ್ದರೆ ಒಂದು ಹಗಲು, ಒಂದು ರಾತ್ರಿಯ ಕೆಲಸ. ನಮ್ಮ ಮನೆಯವರು 2011ರಲ್ಲಿ ಕೊರೆಸಿದರು. ಲಾರಿ ಬಂದು ಅಂಗಳದ ತುಂಬ ಬೂದಿಬಣ್ಣದ ಕಲ್ಲುಪುಡಿ ಉಗುಳಿ, 420 ಅಡಿಯಲ್ಲಿ ಎರಡಿಂಚು ನೀರು ಸಿಕ್ಕಿತೆಂದು ಹೇಳಿದಾಗ ನಾವು ಪೂಜೆ ಮಾಡಿ ಸಿಹಿ ಹಂಚಿದೆವು. ಮುಂದಿನ ಮೂರು ವರ್ಷಗಳಲ್ಲಿ ಉಳಿದ ಮನೆಗಳವರೂ ಕೊರೆಸಿದರು. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ತನ್ನ ಜಮೀನಿನ ಅಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕು ಜಮೀನಿನ ಒಡೆಯನದೇ ಎಂಬ ತಿಳುವಳಿಕೆ 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನಮ್ಮ ದೇಶದಲ್ಲಿ ನಡೆದುಬಂದಿದೆ. ಅಂತರ್ಜಲ ಬಳಕೆಯನ್ನು ನಿಯಂತ್ರಿಸಲು ರಾಜ್ಯವೇ 2011ರಲ್ಲಿ ಒಂದು ಕಾಯ್ದೆ ಮಾಡಿತು. ಆದರೆ ಕೊರೆಯುವ ಲಾರಿ ನಮ್ಮ ಗುಡ್ಡ ಹತ್ತಿ ಬಂದಾಗ ಆ ಕಾಯ್ದೆಯ ನೆನಪು ನಮಗೂ ಬರಲಿಲ್ಲ, ಲಾರಿಯವರಿಗೂ ಬರಲಿಲ್ಲ. ಬಂಡೆಯ ಸೀಳುಗಳಲ್ಲಿ ನೀರು ಇರುತ್ತದೆ, ನಿಜ. ಆದರೆ ಸೀಳು ಕೆರೆಯಲ್ಲ. ಅದರಲ್ಲಿ ಹಿಡಿಯುವುದು ಸ್ವಲ್ಪ, ಅದು ಮತ್ತೆ ತುಂಬಲು ಮೇಲಿನ ಮಣ್ಣಿನಿಂದ ನಿಧಾನವಾಗಿ ಇಳಿದು ಬರಬೇಕು. ನಾಲ್ಕು ಮನೆಗಳ ಪಂಪುಗಳು ದಿನವಿಡೀ ಎತ್ತುವ ವೇಗಕ್ಕೂ ಆ ಇಳಿಯುವ ವೇಗಕ್ಕೂ ಹೊಂದಾಣಿಕೆಯೇ ಇಲ್ಲ.

ಕೊಳವೆಬಾವಿ ಮಾಡಿದ ದೊಡ್ಡ ಹಾನಿ ಯಾವುದೆಂದು ಕೇಳಿದರೆ ನಾನು ನೆಲದಡಿಯ ನೀರನ್ನು ಮೊದಲು ಹೇಳುವುದಿಲ್ಲ. ಮೋಟಾರಿನ ಗುಂಡಿ ಒತ್ತಿದರೆ ನೀರು ಬರುವಂತಾದ ಮೇಲೆ ನಾವು ಗುಡ್ಡ ಹತ್ತುವುದನ್ನು ಬಿಟ್ಟೆವು. ಒಂದು ವರ್ಷ ಕಟ್ಟ ಕಟ್ಟಲಿಲ್ಲ. ಮರುವರ್ಷವೂ ಕಟ್ಟಲಿಲ್ಲ. ದಬ್ಬೆಗಳು ಗೆದ್ದಲು ಹಿಡಿದು ಬಿದ್ದವು, ಪಾಳಿಯ ಲೆಕ್ಕ ಅಪ್ಪಯ್ಯನ ಜೊತೆಗೇ ಹೋಯಿತು. ಗುಡ್ಡದ ಆಚೆ ಮಗ್ಗುಲಿನಲ್ಲಿ ಕಾನು ಕರಗಿ ಅಕೇಶಿಯಾ ನೆಡುತೋಪು ಬಂದದ್ದನ್ನು ಮೇಲೆ ಹೋಗದ ನಾವು ನೋಡಲೂ ಇಲ್ಲ. ಅದೇ ಸಮಯದಲ್ಲಿ ಕೆಳಗಿನ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾದವು, ಕೆಲವು ವರ್ಷ ಕೆಲವು ಕಡೆ ಶುಂಠಿಯೂ ಬಂದುಹೋಯಿತು. ಭತ್ತದ ಗದ್ದೆ ಮಳೆಗಾಲದ ಮೂರು ತಿಂಗಳು ಬದು ಕಟ್ಟಿಕೊಂಡು ನೀರು ನಿಲ್ಲಿಸಿ ನೆಲಕ್ಕೆ ಕುಡಿಸುವ ಜಾಗ. ಅಡಿಕೆಯ ಬೇರಿಗೆ ನಿಂತ ನೀರು ಆಗುವುದಿಲ್ಲವಾದ್ದರಿಂದ ತೋಟ ಮಾಡಿದ ಕೂಡಲೇ ಬಸಿಗಾಲುವೆ ತೋಡಿ ನೀರನ್ನು ಹೊರಗೆ ಕಳಿಸುತ್ತೇವೆ. ಮಳೆಗಾಲದಲ್ಲಿ ಹೊರಗೆ ಕಳಿಸಿದ ಆ ನೀರನ್ನೇ ಬೇಸಿಗೆಯಲ್ಲಿ ಅದೇ ತೋಟಕ್ಕೆ 420 ಅಡಿಯಿಂದ ಎತ್ತುತ್ತೇವೆ. ಅಡಿಕೆ ನಮಗೆ ಅನ್ನ ಕೊಟ್ಟಿದೆ, ನನ್ನ ಓದಿಗೂ ಕೊಟ್ಟಿದೆ. ಅದನ್ನು ಬೈಯುವ ಮನಸ್ಸು ನನಗಿಲ್ಲ. ಗದ್ದೆಯನ್ನೆಲ್ಲ ತೋಟ ಮಾಡಿದ್ದು ಮಾತ್ರ ತಪ್ಪೆಂದು ಈಗ ಅನ್ನಿಸುತ್ತದೆ.

2024ರ ಮಾರ್ಚ್‌ನಲ್ಲಿ ನಮ್ಮ ಕೊಳವೆಬಾವಿಯ ಪೈಪು ನೀರಿನ ಬದಲು ಗಾಳಿ ಉಗುಳಿತು. ಮನೆಮನೆಗೆ ನಲ್ಲಿ ಹಾಕಿಸುವ ಯೋಜನೆಯಲ್ಲಿ ಗೇಟಿನ ಪಕ್ಕಕ್ಕೊಂದು ನಲ್ಲಿ ಬಂದಿತ್ತು. ತಲೆಗೆ ದಿನಕ್ಕೆ 55 ಲೀಟರ್ ನೀರು ಅದರ ಗುರಿ. ಅದಕ್ಕೂ ಮೂಲ ಒಂದು ಕೊಳವೆಬಾವಿಯೇ ಆದ್ದರಿಂದ ಅದೂ ಅದೇ ತಿಂಗಳು ನಿಂತಿತು. ಯುಗಾದಿಗೆ ನಾನು ಊರಿಗೆ ಹೋದಾಗ ತಮ್ಮ ಬೆಳಗಿನ ನಾಲ್ಕೂವರೆಗೆ ಎದ್ದು ಬಾವಿಗೆ ಇಳಿಯುತ್ತಿದ್ದ. ನಾನೂ ಒಂದು ದಿನ ಇಳಿದೆ. ತಳದಲ್ಲಿ, ಶೇಡಿಯ ಗೋಡೆ ಬಂಡೆಗೆ ಸೇರುವ ಕಡೆ, ಬೊಗಸೆಯಷ್ಟು ಅಗಲದ ಒಂದು ಕುಳಿ. ಅದರೊಳಗೆ ನೂಲಿನಷ್ಟು ಸಣ್ಣಗೆ ನೀರು ಬಂದು ಸೇರುತ್ತಿತ್ತು. ತೆಂಗಿನ ಚಿಪ್ಪಿನಿಂದ ಕೆಸರು ಕದಡದಂತೆ ಮೇಲಿನಿಂದ ಮೊಗೆದು ಬಕೆಟ್ಟಿಗೆ ಹಾಕಬೇಕು, ಕುಳಿ ಮತ್ತೆ ತುಂಬುವವರೆಗೆ ಟಾರ್ಚು ಆರಿಸಿ ಕೂರಬೇಕು. ಒಂದು ಬಕೆಟ್ಟಿಗೆ ಇಪ್ಪತ್ತು ನಿಮಿಷ. ಮೇಲೆ ಅಮ್ಮ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕೊಡಪಾನದ ಬಾಯಿಗೆ ಕಟ್ಟಿ ಸೋಸುತ್ತಿದ್ದಳು. ಸೋಸಿದರೂ ಅದು ಅಕ್ಕಿ ತೊಳೆದ ನೀರಿನ ಬಣ್ಣದಲ್ಲೇ ಇರುತ್ತಿತ್ತು. ರಾತ್ರಿಯಿಡೀ ಇಟ್ಟರೆ ತಳದಲ್ಲಿ ಬೆರಳು ದಪ್ಪ ಶೇಡಿ ಕೂತು ಮೇಲೆ ತಿಳಿಯಾಗುತ್ತಿತ್ತು. ಆ ಕತ್ತಲೆಯಲ್ಲಿ ಕೂತು ಕುಳಿ ತುಂಬುವುದನ್ನು ಕಾಯುವಾಗ ಶಿವಮೊಗ್ಗದ ಮನೆಯಲ್ಲಿ ನಾನು ಹಲ್ಲುಜ್ಜುವಾಗ ಬಿಟ್ಟುಕೊಂಡೇ ಇರುತ್ತಿದ್ದ ನಲ್ಲಿ ನೆನಪಾಗಿ ಮೈ ಬಿಸಿಯಾಯಿತು.

ಟ್ಯಾಂಕರು ಮೂರು ದಿನಕ್ಕೊಮ್ಮೆ ರಸ್ತೆಯ ತಿರುವಿಗೆ ಬರುತ್ತಿತ್ತು. ಮೊದಲು ಇಟ್ಟ ಡ್ರಮ್ಮಿಗೆ ಮೊದಲು ನೀರು. ಒಂದು ದಿನ ನಮ್ಮ ಐದು ಡ್ರಮ್ಮು ತುಂಬಿ, ಕೊನೆಯ ಮನೆಯವರಿಗೆ ಬರುವಷ್ಟರಲ್ಲಿ ಪೈಪು ಸೊರಗಿತು. ಆ ಮನೆಯಾಕೆ ದನಿ ಏರಿಸಲಿಲ್ಲ. "ನಮ್ಮ ಕೊಟ್ಟಿಗೇಲೂ ನಾಲ್ಕು ಬಾಯಿ ಇದಾವೆ ಅಕ್ಕ, ಅದನ್ನ ಮರೀಬೇಡಿ" ಎಂದಷ್ಟೇ ಅಮ್ಮನಿಗೆ ಹೇಳಿ ಖಾಲಿ ಡ್ರಮ್ಮು ಉರುಳಿಸಿಕೊಂಡು ಹೋದರು. ತಮ್ಮ ಸಂಜೆ ಎರಡು ಡ್ರಮ್ಮು ನೀರು ಒಯ್ದುಕೊಟ್ಟ. ಅವರು ತೆಗೆದುಕೊಂಡರು, ಆದರೆ ಮಾತಾಡಲಿಲ್ಲ. ಒಂದೇ ದಬ್ಬೆಯ ನೀರು ಕುಡಿದು ಬೆಳೆದ ಮನೆಗಳ ನಡುವೆ ಒಂದೂವರೆ ತಿಂಗಳು ಮಾತು ನಿಂತಿತು. ನೀರಿನ ಯುದ್ಧಗಳ ಬಗ್ಗೆ ಓದಿದ್ದೆ. ಅದು ಎರಡು ಡ್ರಮ್ಮುಗಳ ಅಂತರದಲ್ಲೇ ಇರುತ್ತದೆಂದು ಕಂಡದ್ದು ಆಗ.

ಇದೆಲ್ಲ ನಡೆದ ಊರಿನಿಂದ ಶರಾವತಿಯ ಹಿನ್ನೀರು ಬಹಳ ದೂರವಿಲ್ಲ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟುವ ಆ ನದಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು: 1,819 ಅಡಿಯ ಮಟ್ಟ, 151 ಟಿಎಂಸಿಗೂ ಹೆಚ್ಚು ನೀರು. ಅದಕ್ಕೂ ಮೊದಲು 1948ರ ಹಿರೇಭಾಸ್ಕರ ಅಣೆಕಟ್ಟಿತ್ತು. ಈಗ ಅದು ಹೊಸ ಅಣೆಕಟ್ಟಿನ ನೀರಿನಡಿಯಲ್ಲಿದ್ದು, ಹಿನ್ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಾತ್ರ ಎದ್ದು ಕಾಣುತ್ತದೆ. ನಮ್ಮ ತಾಲ್ಲೂಕಿನಲ್ಲಿ ವಾರಾಹಿಯ ಮಾಣಿ, ಚಕ್ರಾ, ಸಾವೆಹಕ್ಲು ಜಲಾಶಯಗಳೂ ಇವೆ. ನಾಡಿಗೆ ಬೆಳಕು ಕೊಡಲು ತೋಟ, ಗದ್ದೆ, ದೇವಸ್ಥಾನ ಎಲ್ಲ ಬಿಟ್ಟುಬಂದ ಮುಳುಗಡೆ ಸಂತ್ರಸ್ತರಲ್ಲಿ ಎಷ್ಟೋ ಮಂದಿಗೆ ಇಂದಿಗೂ ಕೂತ ಜಾಗದ ಹಕ್ಕುಪತ್ರವಿಲ್ಲ, ಹಿನ್ನೀರಿನ ದಂಡೆಯಲ್ಲೇ ಇದ್ದೂ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರು ಕಾಯುತ್ತಾರೆ. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಹಿರಿಯ ಸಾಹಿತಿ ನಾ. ಡಿಸೋಜ ಅವರ ಮುಂದಾಳತ್ವದಲ್ಲಿ ಇಡೀ ಜಿಲ್ಲೆ ಬೀದಿಗಿಳಿದದ್ದು ಆ ನೋವಿನಿಂದ. ಬೆಂಗಳೂರಿನವರ ಬಾಯಾರಿಕೆಯೂ ಬಾಯಾರಿಕೆಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಕಣಿವೆಯಿಂದ ಎಷ್ಟು ಸಲ ಕೇಳಬಹುದು ಎಂಬುದಕ್ಕೆ ಒಂದು ಮಿತಿ ಇರಬೇಕಲ್ಲವೇ? ನಾನೂ ಆ ಹೋರಾಟದ ಮೆರವಣಿಗೆಯಲ್ಲಿ ನಡೆದಿದ್ದೆ. ನಮ್ಮ ನದಿ ನಮಗೆ ಎಂದು ಕೂಗಿದ್ದೆ. ಬಾವಿಯ ತಳದಲ್ಲಿ ಕೂತಾಗ ಆ ಕೂಗಿನ ಅರ್ಧ ಭಾಗ ನನ್ನ ಕಡೆಗೇ ತಿರುಗಿತು. ನಮ್ಮ ಕಾನಿನ ಒರತೆಯನ್ನು ಯಾವ ನಗರವೂ ಒಯ್ದಿರಲಿಲ್ಲ. ಅದನ್ನು ಬಿಟ್ಟವರು ನಾವು.

ತಮ್ಮ ಒಂದು ರಾತ್ರಿ ಕಾಗದದ ಮೇಲೆ ಲೆಕ್ಕ ಮಾಡಿದ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮನೆಯ ಮಾಡು, ಅಂದರೆ ಚಾವಣಿ, 100 ಚದರ ಮೀಟರ್. ನಮ್ಮಲ್ಲಿ 2,500 ಮಿಲಿಮೀಟರ್ ಮಳೆ ಎಂದು ಕಡಿಮೆಯೇ ಹಿಡಿದರೂ ಮಾಡಿನ ಮೇಲೆ ಬೀಳುವುದು 2,50,000 ಲೀಟರ್. ಐದು ಜನರಿಗೆ ದಿನಕ್ಕೆ 55 ಲೀಟರಿನಂತೆ ಬೇಸಿಗೆಯ 120 ದಿನಕ್ಕೆ ಬೇಕಾದದ್ದು 33,000 ಲೀಟರ್. ಅಂದರೆ ಮಾಡಿನಿಂದ ಅಂಗಳಕ್ಕೆ ಬಿದ್ದು ಹೊಳೆಗೆ ಹೋಗುವುದರಲ್ಲಿ ಏಳನೆಯ ಒಂದು ಭಾಗವನ್ನೂ ನಾವು ಹಿಡಿದಿಡುತ್ತಿರಲಿಲ್ಲ. ಅಷ್ಟು ದೊಡ್ಡ ತೊಟ್ಟಿ ಕಟ್ಟಿಸುವ ಶಕ್ತಿ ನಮಗಿರಲಿಲ್ಲವಾದ್ದರಿಂದ 10,000 ಲೀಟರಿನದೊಂದು ಕಟ್ಟಿಸಿ, ಉಳಿದ ಹರಿನೀರಿಗೆ ಬಾವಿಯ ಮೇಲ್ಬದಿಯಲ್ಲಿ ಇಂಗುಗುಂಡಿಗಳನ್ನು ತೆಗೆಸಿದೆವು. ಧರೆ ಕುಸಿಯುವಂಥ ಕಡಿದಾದ ಇಳಿಜಾರಿನಲ್ಲಿ ಗುಂಡಿ ತೆಗೆಯಬಾರದೆಂಬುದನ್ನು ಮಾತ್ರ ಮಲೆನಾಡಿನವರು ನೆನಪಿಡಬೇಕು.

2024ರ ಮಳೆಗಾಲ ಕೈಬಿಡಲಿಲ್ಲ. ಪುಷ್ಯ ಮಳೆಯಲ್ಲಿ ಬಚ್ಚಲಿನ ಮೂಲೆ ಕಪ್ಪಗಾಯಿತು, ಅಟ್ಟದ ಗೋಣಿಚೀಲ ಕೆಳಗಿಳಿಯಿತು. ಅಮ್ಮ ಅಂದು ಮಾಡಿದ ಫೋನಿನಲ್ಲಿ ಬೇರೆ ಯಾವ ಸುದ್ದಿಯೂ ಇರಲಿಲ್ಲ. ನನಗೆ ಹೆದರಿಕೆಯಾದದ್ದೂ ಆಗಲೇ. ಜಲ ಎದ್ದ ಕೂಡಲೇ ನಾವು ಮರೆಯುತ್ತೇವೆ. ಕೆರೆ, ಕಟ್ಟ, ಪಾಳಿ ಎಂದು ಏಪ್ರಿಲ್‌ನಲ್ಲಿ ಆಡಿದ ಮಾತೆಲ್ಲ ಜುಲೈಯ ಮಳೆಯಲ್ಲಿ ಕೊಚ್ಚಿಹೋಗುತ್ತದೆ, ಮುಂದಿನ ಏಪ್ರಿಲ್‌ನಲ್ಲಿ ಹೊಸದಾಗಿ ಶುರುವಾಗುತ್ತದೆ.

ಹಾಗಾಗಬಾರದೆಂದು ತಮ್ಮ ದೀಪಾವಳಿಯ ಬೂರೆ ನೀರು ತುಂಬುವ ದಿನವೇ ಬೇರೆ ಎರಡು ಮನೆಗಳಿಗೆ ಹೋಗಿ ಕಟ್ಟದ ಕೆಲಸಕ್ಕೆ ಕರೆದು ಬಂದ. ಕೊನೆಯ ಮನೆಗೆ ಅಮ್ಮನೇ ಹೋದಳು. ಡಿಸೆಂಬರಿನ ಮೊದಲ ಭಾನುವಾರ ಒಂಬತ್ತು ಜನ ಗುಡ್ಡ ಹತ್ತಿದೆವು. ಹನ್ನೆರಡು ವರ್ಷದಲ್ಲಿ ದಾರಿಯೇ ಮುಚ್ಚಿಹೋಗಿತ್ತು. ಒರತೆ ಇತ್ತು, ಮೊದಲಿನ ಅರ್ಧದಷ್ಟಿದೆ ಎಂದು ಹಿರಿಯರು ಹೇಳಿದರು. ಹಳೆಯ ಕಟ್ಟದ ಬುಡದ ಕಲ್ಲುಗಳು ಪಾಚಿ ಹಿಡಿದು ಅಲ್ಲೇ ಇದ್ದವು. ಅವುಗಳ ಮೇಲೆ ಕಲ್ಲು ಪೇರಿಸಿ, ಸಂದಿಗೆ ಸೊಪ್ಪು ತುರುಕಿ, ಮಣ್ಣು ಮೆತ್ತಿ ಮುಗಿಸುವಾಗ ಹೊತ್ತು ಇಳಿದಿತ್ತು. ದಬ್ಬೆಯ ಜಾಗಕ್ಕೆ ಈ ಸಲ ಕಪ್ಪು ಪೈಪು ಹಾಕಿದೆವು; ಇಳಿತ ಎಷ್ಟಿರಬೇಕೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ, ಎರಡು ಕಡೆ ಗಾಳಿ ಕಟ್ಟಿ ಬಿಚ್ಚಿ ಜೋಡಿಸಬೇಕಾಯಿತು. ಪೈಪಿನ ಬಾಯಿ ಮುಳುಗುವಷ್ಟು ನೀರು ಏರುವುದಕ್ಕೆ ಇನ್ನೂ ಒಂದು ಗಂಟೆ ಹಿಡಿಯಿತು. ಯಾರೂ ಇಳಿಯಲಿಲ್ಲ. ಕಟ್ಟದ ಮೇಲೆ, ಬೇರುಗಳ ಮೇಲೆ ಕೂತು ಕತ್ತಲಾಗುವವರೆಗೆ ಕಾದೆವು, ಕೊನೆಯ ಮನೆಯ ಕಡೆಯಿಂದ ಆಕೆಯ ಕೂಗು ಕೇಳುವವರೆಗೆ.